ಮೈಬೋಮಿಯನ್ ಗ್ರಂಥಿದೋಷ ಮತ್ತು ಒಣಗಣ್ಣು: ನಿದಾನ, ಚಿಕಿತ್ಸೆಯ ಚರಿತ್ರೆ

ಕಣ್ಣುರೆಪ್ಪೆಯೊಳಗಿನ ಎಣ್ಣೆ ಗ್ರಂಥಿಗಳ ಬಾಯಿ ಕಟ್ಟಿಕೊಂಡು ಅಥವಾ ಅವುಗಳ ಸ್ರಾವ ಗಟ್ಟಿಯಾಗಿ, ಕಣ್ಣೀರಿನ ಪದರ ಬೇಗ ಆರಿಹೋಗುವ ರೋಗ. ಮೇಲ್ರೆಪ್ಪೆಯಲ್ಲಿ 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30 ಗ್ರಂಥಿಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಸಲ ರೆಪ್ಪೆ ಬಡಿದಾಗ ಅವುಗಳಿಂದ ತುಸು ಎಣ್ಣೆ ಹೊರಬಂದು ಕಣ್ಣೀರಿನ ಮೇಲೆ ಹರಡಿ, ಅದು ಆವಿಯಾಗದಂತೆ ತಡೆಯುತ್ತದೆ. ಈ ಎಣ್ಣೆ ಕೆಟ್ಟರೆ ಕಣ್ಣುರಿ, ಮರಳು ಬಿದ್ದಂತೆ ಕರಕರ, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವುದು, ಓದುವಾಗ ಅಕ್ಷರ ಮಸುಕಾಗುವುದು ಕಾಣಿಸಿಕೊಳ್ಳುತ್ತವೆ. ಗಾಳಿಗೆ ಹೋದರೆ ಕಣ್ಣಲ್ಲಿ ನೀರು ಸುರಿಯುವುದೂ ಇದರದೇ ಲಕ್ಷಣ. ನೀರು ಸುರಿಯುವ ಕಣ್ಣು ಒಣಗಿದೆ ಎಂದರೆ ರೋಗಿ ನಂಬುವುದು ಕಷ್ಟ. ವೈದ್ಯಶಾಸ್ತ್ರವೂ ಬಹುಕಾಲ ನಂಬಿರಲಿಲ್ಲ.

ಗ್ರಂಥಿಗಳಿಗೆ ಹೆಸರು ಬಂದದ್ದು ಜರ್ಮನಿಯ ಹೆಲ್ಮ್‌ಸ್ಟೆಟ್‌ನ ವೈದ್ಯ ಹೈನ್ರಿಷ್ ಮೈಬೋಮ್ (1638–1700) ಅವರಿಂದ. 1666ರಲ್ಲಿ ಅವರು ಪತ್ರರೂಪದ ಕೃತಿಯೊಂದರಲ್ಲಿ ಇವನ್ನು ವರ್ಣಿಸಿದರು. ಕಂಡುಹಿಡಿದವರೂ ಅವರೇ ಎಂದು ಹಲವು ಪಠ್ಯಗಳು ಬರೆಯುತ್ತವೆಯಾದರೂ ಅದು ಸರಿಯಲ್ಲ. ಇಟಲಿಯ ಕಾಸ್ಸೇರಿಯಸ್ 1609ರಲ್ಲೇ ಇವುಗಳ ಚಿತ್ರ ಕೊಟ್ಟಿದ್ದರು.

ಇದಕ್ಕಿಂತ ದೊಡ್ಡ ಗೊಂದಲ ಆಯುರ್ವೇದದ ‘ಶುಷ್ಕಾಕ್ಷಿಪಾಕ’ದ ಬಗ್ಗೆ ಇದೆ. ಸುಶ್ರುತ ಸಂಹಿತೆಯ ಉತ್ತರತಂತ್ರ 76 ನೇತ್ರರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ ಇದೊಂದು: ಕಣ್ಣು ಮುದುಡಿರುತ್ತದೆ, ರೆಪ್ಪೆ ಗಡುಸಾಗಿ ಒರಟಾಗಿರುತ್ತದೆ, ನೋಟ ಕದಡಿರುತ್ತದೆ, ಕಣ್ಣು ತೆರೆಯುವುದೇ ಕಷ್ಟವಾಗುತ್ತದೆ. ಇಂದಿನ ಆಯುರ್ವೇದ ಬರಹಗಳು ಇದನ್ನು ನೇರವಾಗಿ ಒಣಗಣ್ಣಿಗೆ ಸಮೀಕರಿಸುತ್ತವೆ. ವರ್ಣನೆಯಲ್ಲಿ ರೆಪ್ಪೆಯ ಗಡಸುತನಕ್ಕೆ ಜಾಗ ಸಿಕ್ಕಿರುವುದು, ತುಪ್ಪ ಕುಡಿಸುವ, ಕಣ್ಣಿಗೆ ತುಪ್ಪದ ತರ್ಪಣ ಕೊಡುವ, ಮೂಗಿಗೆ ಎಣ್ಣೆ ಬಿಡುವ ಚಿಕಿತ್ಸೆ ಹೇಳಿರುವುದು ಗಮನಾರ್ಹ. ಆದರೆ ಗ್ರಂಥಕಾರರು ಕಾರಣವನ್ನು ಗ್ರಂಥಿಯಲ್ಲಿ ಹುಡುಕಲಿಲ್ಲ. ಸುಶ್ರುತನಿಗೆ ಇದು ವಾತದ ರೋಗ. ರೆಪ್ಪೆಯ ರೋಗಗಳ ಗುಂಪಿಗೆ ಸೇರಿಸದೆ ಇಡೀ ಕಣ್ಣನ್ನು ವ್ಯಾಪಿಸುವ ರೋಗಗಳಲ್ಲಿ ಇದನ್ನು ಇಟ್ಟಿದ್ದಾನೆ. ಲಕ್ಷಣ ಹೋಲುತ್ತದೆ ಎನ್ನಬಹುದು, ಎರಡೂ ಒಂದೇ ರೋಗ ಎನ್ನಲು ಆಧಾರ ಸಾಲದು.

ಯುರೋಪಿನಲ್ಲಿ ಒಣಗಣ್ಣನ್ನು ಅಳೆದದ್ದು ನೀರಿನ ಲೆಕ್ಕದಲ್ಲಿ. 1903ರಲ್ಲಿ ಓಟೊ ಶಿರ್ಮರ್ ಕಾಗದದ ಪಟ್ಟಿಯ ಪರೀಕ್ಷೆ ತಂದರು: ಕೆಳರೆಪ್ಪೆಗೆ ಸಿಕ್ಕಿಸಿದ ಪಟ್ಟಿ ಐದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ನೆನೆಯಿತು ಎಂಬುದೇ ಅಳತೆ. 1933ರಲ್ಲಿ ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ ಬಾಯಿ, ಕಣ್ಣು ಎರಡೂ ಒಣಗುವ ರೋಗವನ್ನು ವಿವರಿಸಿದ ಮೇಲೆ ಕಣ್ಣೀರು ಗ್ರಂಥಿಯೇ ಕೇಂದ್ರವಾಯಿತು. 1908ರಲ್ಲಿ ಎಲ್ಷ್‌ನಿಗ್, 1921ರಲ್ಲಿ ಗಿಫರ್ಡ್ ರೆಪ್ಪೆಯ ಎಣ್ಣೆ ಗ್ರಂಥಿಗೂ ಮಾಯದ ಕಣ್ಣುರಿಗೂ ನಂಟಿದೆ ಎಂದು ಬರೆದಿದ್ದರೂ ಆ ಬರಹಗಳು ಮೂಲೆ ಸೇರಿದವು.

ತಿರುವು ಬಂದದ್ದು 1977–80ರ ನಡುವೆ. 1977ರಲ್ಲಿ ಅಮೆರಿಕದ ಮೆಕಲಿ ಮತ್ತು ಸಯಾಲಿಸ್ ಈ ಗ್ರಂಥಿಗಳಿಂದ ಹುಟ್ಟುವ ಉರಿಯೂತವನ್ನು ಬೇರೆಯೇ ರೋಗವಾಗಿ ಗುರುತಿಸಿದರು. 1980ರಲ್ಲಿ ಡೊನಾಲ್ಡ್ ಕಾರ್ಬ್ ಮತ್ತು ಹೆನ್ರಿಕೆಜ್, ಕಾಂಟ್ಯಾಕ್ಟ್ ಲೆನ್ಸ್ ಸಹಿಸದವರ ರೆಪ್ಪೆ ಒತ್ತಿ ನೋಡಿ, ಹೊರಗೆ ಕೆಂಪಾಗಲೀ ಬಾವಾಗಲೀ ಕಾಣದಿದ್ದರೂ ಗ್ರಂಥಿಯ ಬಾಯಿ ಮುಚ್ಚಿರಬಹುದು ಎಂದು ತೋರಿಸಿದರು. ‘ಮೈಬೋಮಿಯನ್ ಗ್ರಂಥಿದೋಷ’ ಎಂಬ ಹೆಸರು ಚಾಲ್ತಿಗೆ ಬಂದದ್ದು ಅಲ್ಲಿಂದ. 1995ರಲ್ಲಿ ಅಮೆರಿಕದ ತಜ್ಞರ ಸಭೆಯೊಂದು ನೀರು ಕಡಿಮೆಯಾಗುವ ಬಗೆ, ಆವಿಯಾಗುವ ಬಗೆ ಎಂದು ಒಣಗಣ್ಣನ್ನು ವಿಂಗಡಿಸಿತು; 2011ರ ಅಂತಾರಾಷ್ಟ್ರೀಯ ವರದಿ ಗ್ರಂಥಿದೋಷವೇ ಆವಿಯಾಗುವ ಬಗೆಗೆ ಮುಖ್ಯ ಕಾರಣ ಎಂದಿತು.

ಪರೀಕ್ಷೆ ಇಂದಿಗೂ ಬಹುಪಾಲು ಕೈಕೆಲಸ. ಫ್ಲೋರೆಸಿನ್ ಬಣ್ಣದ ಪಟ್ಟಿ ಒದ್ದೆ ಮಾಡಿ ಕಣ್ಣಿಗೆ ತಾಗಿಸಿ, ರೆಪ್ಪೆ ಬಡಿಯದೆ ನೋಡಲು ಹೇಳುತ್ತಾರೆ. ನೀಲಿ ಬೆಳಕಿನಲ್ಲಿ ಹಸಿರು ಪದರ ಹೊಳೆಯುತ್ತದೆ. ಹತ್ತು ಸೆಕೆಂಡಿನೊಳಗೆ ಅದರಲ್ಲಿ ಕಪ್ಪು ಚುಕ್ಕೆ ಮೂಡಿದರೆ ಪದರ ಬೇಗ ಒಡೆಯಿತೆಂದು ಅರ್ಥ. ಆಮೇಲೆ ಬೆರಳಿನಿಂದಲೋ ಹತ್ತಿ ಸುತ್ತಿದ ಕಡ್ಡಿಯಿಂದಲೋ ಕೆಳರೆಪ್ಪೆಯ ಅಂಚನ್ನು ಒತ್ತುತ್ತಾರೆ. ಆರೋಗ್ಯದ ಗ್ರಂಥಿಯಿಂದ ತಿಳಿ ಎಣ್ಣೆಯ ಹನಿ ಬರುತ್ತದೆ. ಕೆಟ್ಟದ್ದರಿಂದ ಮಬ್ಬು ದ್ರವ, ಇನ್ನೂ ಕೆಟ್ಟರೆ ಟೂತ್‌ಪೇಸ್ಟಿನಂಥ ಬಿಳಿ ಎಳೆ. ಏನೂ ಬರದಿರುವುದು ಕೊನೆಯ ಹಂತ. ಗ್ರಂಥಿಗಳ ಚಿತ್ರ ತೆಗೆಯುವ ಪದ್ಧತಿಯನ್ನು 1977ರಲ್ಲಿ ಟಾಪಿ ಆರಂಭಿಸಿದರು. 2008ರಲ್ಲಿ ಜಪಾನಿನ ರೇಕೊ ಅರಿಟ ಕಣ್ಣಿಗೆ ತಾಗಿಸದೆ ಇನ್‌ಫ್ರಾರೆಡ್ ಕ್ಯಾಮೆರಾದಿಂದ ತೆಗೆಯುವ ವಿಧಾನ ತಂದ ಮೇಲೆ ಅದು ದವಾಖಾನೆಗೆ ಇಳಿಯಿತು.

ಭಾರತದಲ್ಲಿ ಒಣಗಣ್ಣು ಎಷ್ಟು ಮಂದಿಗಿದೆ ಎಂಬ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. 2005ರ ರಾಜಸ್ಥಾನದ ಆಸ್ಪತ್ರೆ ಅಧ್ಯಯನ 18.4% ಎಂದಿತು. 2018ರಲ್ಲಿ ದಿಲ್ಲಿಯ ಏಮ್ಸ್ ತಂಡ ಪ್ರಶ್ನಾವಳಿಯ ಮೇಲೆ 32% ಎಂದಿತು. ಮರುವರ್ಷ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ತನ್ನ ಕಂಪ್ಯೂಟರ್ ದಾಖಲೆಗಳಲ್ಲಿದ್ದ ಸುಮಾರು 14.5 ಲಕ್ಷ ವಯಸ್ಕ ಹೊಸ ರೋಗಿಗಳನ್ನು ಪರಿಶೀಲಿಸಿ 1.46% ಎಂದಿತು. ಮೂರರಲ್ಲಿ ಒಬ್ಬರಿಗೋ ಅರವತ್ತೆಂಟರಲ್ಲಿ ಒಬ್ಬರಿಗೋ? ಕೊನೆಯ ಎರಡು ಅಧ್ಯಯನಗಳು ಅಳೆದದ್ದೇ ಬೇರೆ ಬೇರೆ: ಒಂದು ರೋಗಿ ಹೇಳಿಕೊಂಡ ತೊಂದರೆಯನ್ನು, ಇನ್ನೊಂದು ವೈದ್ಯರು ದಾಖಲೆಯಲ್ಲಿ ಬರೆದ ರೋಗದ ಹೆಸರನ್ನು. ಪೊರೆಗೆಂದು ಬಂದವರ ಉರಿ ಎರಡನೆಯ ಬಗೆಯ ಲೆಕ್ಕದಿಂದ ತಪ್ಪಿಹೋಗುವುದು ಸುಲಭ. ಬೆಂಗಳೂರಿನ ನಾರಾಯಣ ನೇತ್ರಾಲಯದ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಿರುಕನ್ನೇ ಹಿಡಿಯಿತು: ಪರೀಕ್ಷೆಯಲ್ಲಿ ಸ್ವಲ್ಪವೇ ದೋಷ ಕಂಡರೂ ವಿಪರೀತ ನೋವು ಹೇಳುವವರಲ್ಲಿ ವಿಟಮಿನ್ ‘ಡಿ’ ಕಡಿಮೆಯಿತ್ತು.

ಬೀದರ್ ಜಿಲ್ಲೆಯ ಮಟ್ಟಿಗೆ ಈ ಅಂಕಿಗಳಲ್ಲಿ ಹತ್ತಿರದ್ದು ಹೈದರಾಬಾದಿನದು. 1956ರವರೆಗೆ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ದೊಡ್ಡ ಕಾಯಿಲೆಗೆ ಅಲ್ಲಿಗೆ ಹೋಗುವ ರೂಢಿ ಗಡಿ ಬದಲಾದ ಮೇಲೂ ಉಳಿಯಿತು. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ 1896ರದು, ಆದರೆ ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ಚಿಂತಾಕಿಯವರಿಗೆ ಅದು ದೂರದ ಮಾತು. ಉತ್ತರ ಕರ್ನಾಟಕದ ಊರುಗಳಿಗೆ ಕಣ್ಣಿನ ವೈದ್ಯ ತಲುಪಿದ್ದು ಹೆಚ್ಚಾಗಿ ಶಿಬಿರಗಳ ಮೂಲಕ, ಬೀಳಗಿಯ ಡಾ. ಎಂ.ಸಿ. ಮೋದಿ ಅವರ ಹೆಸರು ಇಲ್ಲಿ ಮೊದಲು ಬರುತ್ತದೆ. ಶಿಬಿರವಾಗಲೀ 1976ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವಾಗಲೀ ಎಣಿಸಿದ್ದು ಕುರುಡನ್ನು, ಅಂದರೆ ಮುಖ್ಯವಾಗಿ ಪೊರೆಯನ್ನು. ಒಣಗಣ್ಣು ಸಾಮಾನ್ಯವಾಗಿ ಕುರುಡು ಮಾಡುವುದಿಲ್ಲ, ಆದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ಬೀದರ್ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು (ಬ್ರಿಮ್ಸ್) ಆರಂಭವಾದದ್ದು 2007ರಲ್ಲಿ. ತೊಗರಿ, ಸೋಯಾ ರಾಶಿಯ ದೂಳು, ಕುಳ್ಳು ಕಟ್ಟಿಗೆಯ ಹೊಗೆ, ಬೇಸಿಗೆಯ ಒಣಗಾಳಿ ಇಲ್ಲಿ ಕಣ್ಣುರಿಗೆ ಸಾಕಷ್ಟು ಕಾರಣ ಒದಗಿಸುವುದರಿಂದ ರೆಪ್ಪೆಯ ಅಂಚನ್ನು ನೋಡುವ ಅಗತ್ಯ ಯಾರಿಗೂ ತೋಚದಿರುವುದು ಸಹಜ. ರೆಪ್ಪೆಯ ಒಳಅಂಚಿಗೆ ಹಚ್ಚುವ ಕಾಡಿಗೆ, ಸುರ್ಮಾ ಗ್ರಂಥಿಗಳ ಬಾಯಿಗೇ ಕೂರುತ್ತವೆ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಚಿಕಿತ್ಸೆಯ ಬುನಾದಿ ಬಿಸಿ ಕಾವು. ಗಟ್ಟಿಯಾದ ಎಣ್ಣೆ ಕರಗಲು ರೆಪ್ಪೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕೆಲ ನಿಮಿಷ ಹಾಗೇ ಇರಬೇಕು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಒಂದೆರಡು ನಿಮಿಷಕ್ಕೆ ಆರುತ್ತದೆ, ಮತ್ತೆ ಮತ್ತೆ ಅದ್ದದಿದ್ದರೆ ಫಲವಿಲ್ಲ. ಕಾವಿನಿಂದ ಗುಣವಾಗಲಿಲ್ಲ ಎನ್ನುವ ಅನೇಕರ ದೂರಿಗೆ ಇದೇ ಮೂಲ. ಆಮೇಲೆ ರೆಪ್ಪೆಯ ಅಂಚಿನ ಕಡೆಗೆ ನೀವಿ ಎಣ್ಣೆ ಹೊರಡಿಸಬೇಕು. ಡಾಕ್ಸಿಸೈಕ್ಲಿನ್ ಗುಳಿಗೆ ಕೊಡುವ ವಾಡಿಕೆ ಹಳೆಯದು, ಅಜಿಥ್ರೊಮೈಸಿನ್ ಅದರ ಜೊತೆಗೆ ಬಂತು. ಮೀನೆಣ್ಣೆಯ ಒಮೆಗಾ-3 ಬಗ್ಗೆ ಇದ್ದ ಭರವಸೆಯನ್ನು 2018ರ ಅಮೆರಿಕದ ದೊಡ್ಡ ಪ್ರಯೋಗ ತಗ್ಗಿಸಿತು: ಆಲಿವ್ ಎಣ್ಣೆಯ ಗುಳಿಗೆ ತಿಂದವರಿಗಿಂತ ಅದನ್ನು ತಿಂದವರಿಗೆ ಹೆಚ್ಚು ಗುಣ ಕಾಣಲಿಲ್ಲ.

ರೆಪ್ಪೆಯನ್ನು ಒಳಗಿನಿಂದ ಬಿಸಿ ಮಾಡಿ ಹೊರಗಿನಿಂದ ಒತ್ತುವ ಲಿಪಿಫ್ಲೋ ಯಂತ್ರಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ತೀವ್ರ ಬೆಳಕಿನ ಚಿಕಿತ್ಸೆ (ಐಪಿಎಲ್) ಚರ್ಮರೋಗ ಚಿಕಿತ್ಸೆಯಿಂದ ಬಂದದ್ದು. ಮುಖದ ಕೆಂಪಿಗೆ ಅದನ್ನು ಪಡೆದವರ ಒಣಗಣ್ಣೂ ತಗ್ಗಿದ್ದನ್ನು ರೊಲಾಂಡೊ ಟೊಯೋಸ್ ಗಮನಿಸಿದರು. ಈ ಬೆಳಕನ್ನು ಚರ್ಮದ ಮೆಲನಿನ್ ಹೀರುವುದರಿಂದ ಕಪ್ಪು ಮೈಬಣ್ಣದವರಿಗೆ ಸುಟ್ಟ ಗಾಯ, ಕಲೆ ಆಗುವ ಅಪಾಯ ಹೆಚ್ಚು. ತಿಳಿಬಣ್ಣದ ಚರ್ಮದ ಮೇಲೆ ಪಳಗಿದ ಪ್ರಮಾಣವನ್ನು ಹೊಲದ ಬಿಸಿಲಿಗೆ ಕಪ್ಪಾದ ಮುಖಕ್ಕೆ ಹಾಗೇ ಕೊಡುವಂತಿಲ್ಲ. ಕಣ್ಣೀರು ಆವಿಯಾಗುವುದನ್ನು ತಡೆಯುವ ಪರ್‌ಫ್ಲೋರೊಹೆಕ್ಸಿಲ್‌ಆಕ್ಟೇನ್ ಹನಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು.