ಕೆಂಪು ಬಾಲದ ವಿಮಾನಗಳು: ದಂತಕಥೆ ಮತ್ತು ದಾಖಲೆ

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಜರ್ಮನಿಯ ಮೇಲೆ ಹಗಲು ಹೊತ್ತಿನಲ್ಲೇ ದಾಳಿ ನಡೆಸುತ್ತಿದ್ದವು. ಹಗಲಿನಲ್ಲಿ ಗುರಿ ಕಾಣುತ್ತದೆ, ನಿಜ. ಆದರೆ ಶತ್ರುವಿಗೆ ಬಾಂಬರುಗಳೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. 1943ರ ಅಕ್ಟೋಬರ್ 14ರಂದು ಷ್ವೈನ್‌ಫರ್ಟ್ ನಗರದ ಬಾಲ್‌ಬೇರಿಂಗ್ ಕಾರ್ಖಾನೆಗಳತ್ತ ಹೊರಟ 291 ಬಾಂಬರುಗಳಲ್ಲಿ 60 ಹಿಂದಿರುಗಲಿಲ್ಲ. ಒಂದೊಂದರಲ್ಲೂ ಸುಮಾರು ಹತ್ತು ಮಂದಿ ಇದ್ದರು. ಬೆಂಗಾವಲಿಗೆ ಹೋಗುತ್ತಿದ್ದ ಯುದ್ಧವಿಮಾನಗಳಿಗೆ ಅಷ್ಟು ದೂರ ಹೋಗಿಬರಲು ಇಂಧನ ಸಾಲದೆ, ಅವು ಅರ್ಧ ದಾರಿಯಲ್ಲೇ ಮರಳಬೇಕಾಗಿತ್ತು. ರೆಕ್ಕೆಗಳಡಿ ಹೆಚ್ಚುವರಿ ಟ್ಯಾಂಕುಗಳನ್ನು ಹೊತ್ತ ಪಿ-51 ಮಸ್ಟಾಂಗ್ ವಿಮಾನ 1944ರಲ್ಲಿ ಈ ಕೊರತೆಯನ್ನು ನೀಗಿಸಿತು.

ಹೀಗೆ ಬಾಂಬರುಗಳ ಜೊತೆ ಕೊನೆಯವರೆಗೂ ಹೋಗುತ್ತಿದ್ದ ಪಡೆಗಳಲ್ಲಿ 332ನೆಯ ಫೈಟರ್ ಗ್ರೂಪ್ ಕೂಡ ಒಂದು. ಇಟಲಿಯ ಪೂರ್ವ ಕರಾವಳಿಯ ರಾಮಿಟೆಲ್ಲಿ ಅದರ ನೆಲೆ. ಅದರ ವಿಮಾನಗಳ ಬಾಲಕ್ಕೆ ಕೆಂಪು ಬಣ್ಣ ಬಳಿದಿದ್ದರು. ಅದರ ಪೈಲಟ್‌ಗಳೆಲ್ಲರೂ ಕಪ್ಪು ವರ್ಣೀಯರು. ಅಂದಿನ ಅಮೆರಿಕದ ಸೇನೆಯಲ್ಲಿ ಬಿಳಿಯರೂ ಕರಿಯರೂ ಒಂದೇ ದಳದಲ್ಲಿ ಸೇವೆ ಸಲ್ಲಿಸುವಂತಿರಲಿಲ್ಲ. ಆದ್ದರಿಂದ ಇವರಿಗೆ ಅಲಬಾಮ ರಾಜ್ಯದ ಟಸ್ಕೀಗಿ ಎಂಬಲ್ಲಿ ಪ್ರತ್ಯೇಕ ತರಬೇತಿ ನೀಡಲಾಯಿತು. ಕಪ್ಪು ಜನರಿಗೆ ಯುದ್ಧಕ್ಕೆ ಬೇಕಾದ ಬುದ್ಧಿಯೂ ಧೈರ್ಯವೂ ಸಾಲದು ಎಂದು ಸೇನೆಯ ಯುದ್ಧ ಕಾಲೇಜು 1925ರಲ್ಲೇ ವರದಿ ಬರೆದಿಟ್ಟಿತ್ತು. ಅಂದರೆ, ಪರೀಕ್ಷೆ ನಡೆಯುವ ಮೊದಲೇ ಫಲಿತಾಂಶ ಸಿದ್ಧವಾಗಿತ್ತು!

ಈ ಗ್ರೂಪಿನ ನಾಯಕ ಬೆಂಜಮಿನ್ ಡೇವಿಸ್ ಜೂನಿಯರ್. ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಓದಿದ ನಾಲ್ಕು ವರ್ಷವೂ ಸಹಪಾಠಿಗಳು ಕೆಲಸದ ಮಾತಿನ ಹೊರತು ಅವರೊಡನೆ ಮಾತನಾಡಲಿಲ್ಲ. ಊಟದ ಮೇಜಿನಲ್ಲೂ ಅವರು ಒಬ್ಬಂಟಿ. ಆದರೂ 1936ರಲ್ಲಿ ಅವರು ಪದವಿ ಪಡೆದು ಹೊರಬಂದರು. ಅವರ ಮುಂದಾಳುತನದಲ್ಲಿ 1943ರಲ್ಲಿ ಮೊದಲು ರಣರಂಗಕ್ಕೆ ಇಳಿದದ್ದು 99ನೆಯ ಸ್ಕ್ವಾಡ್ರನ್. ಕೆಲವೇ ತಿಂಗಳಲ್ಲಿ, ಈ ಸ್ಕ್ವಾಡ್ರನ್ನಿಗೆ ಹೋರಾಡುವ ಕೆಚ್ಚಿಲ್ಲ ಎಂಬ ದೂರು ಮೇಲಧಿಕಾರಿಗಳಿಂದ ವಾಷಿಂಗ್‌ಟನ್ ತಲುಪಿತು. ಡೇವಿಸ್ ಸ್ವತಃ ವಿಚಾರಣಾ ಸಮಿತಿಯ ಮುಂದೆ ನಿಂತು ಉತ್ತರ ಕೊಟ್ಟರು. 1944ರ ಜನವರಿ 27 ಮತ್ತು 28ರಂದು ಆ್ಯಂಜಿಯೊ ಕರಾವಳಿಯ ಮೇಲೆ ಇದೇ ಸ್ಕ್ವಾಡ್ರನ್ ಹತ್ತಕ್ಕೂ ಹೆಚ್ಚು ಜರ್ಮನ್ ವಿಮಾನಗಳನ್ನು ಉರುಳಿಸಿದ ಮೇಲೆ ಆ ದೂರಿಗೆ ಬೆಲೆ ಉಳಿಯಲಿಲ್ಲ.

ಮುಂದೆ ಈ ಸ್ಕ್ವಾಡ್ರನ್ 332ನೆಯ ಗ್ರೂಪಿಗೆ ಸೇರಿತು. ಶತ್ರುವಿಮಾನದ ಬೆನ್ನುಹತ್ತಿ ಹೋಗಿ ಕೀರ್ತಿ ಗಳಿಸುವುದಕ್ಕಿಂತ ಬಾಂಬರುಗಳ ಮಗ್ಗುಲು ಬಿಡದೆ ಇರುವುದೇ ನಿಮ್ಮ ಕರ್ತವ್ಯ ಎಂಬುದು ಡೇವಿಸ್ ತಮ್ಮ ಪೈಲಟ್‌ಗಳಿಗೆ ವಿಧಿಸಿದ ಶಿಸ್ತು. ಇದರಿಂದ ಅವರಿಗೆ ಒಳ್ಳೆಯ ಹೆಸರು ಬಂತು. ಹೆಸರಿನ ಹಿಂದೆಯೇ ಒಂದು ದಂತಕಥೆಯೂ ಬೆಳೆಯಿತು: ಈ ಗ್ರೂಪಿನ ಬೆಂಗಾವಲಿನಲ್ಲಿ ಹೋದ ಒಂದು ಬಾಂಬರನ್ನೂ ಶತ್ರುವಿಮಾನಗಳು ಉರುಳಿಸಲಿಲ್ಲ! ಷಿಕಾಗೋದ ‘ಡಿಫೆಂಡರ್’ ಪತ್ರಿಕೆ 1945ರ ಮಾರ್ಚ್ 24ರ ಸಂಚಿಕೆಯಲ್ಲಿ ಇದನ್ನೇ ಪ್ರಕಟಿಸಿತು. ಅರವತ್ತು ವರ್ಷಗಳ ಕಾಲ ಪುಸ್ತಕ, ಭಾಷಣ, ಚಲನಚಿತ್ರಗಳಲ್ಲಿ ಈ ಮಾತು ಹಾಗೆಯೇ ಮುಂದುವರಿಯಿತು.

ಇದನ್ನು ಪರೀಕ್ಷಿಸುವುದು ಹೇಗೆ? ಅಮೆರಿಕದ ವಾಯುಪಡೆಯ ಇತಿಹಾಸ ಸಂಶೋಧನಾ ಸಂಸ್ಥೆಯ ಡೇನಿಯಲ್ ಹಾಲ್ಮನ್ ಅವರು ಹಿಡಿದ ದಾರಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಮೆಚ್ಚಿಗೆಯಾಗುವಂಥದು. ಯಾವ ದಿನ ಈ ಗ್ರೂಪಿಗೆ ಯಾವ ಬಾಂಬರುಗಳ ಕಾವಲು ವಹಿಸಲಾಗಿತ್ತು, ಆ ದಿನ ಆ ಬಾಂಬರುಗಳಲ್ಲಿ ಎಷ್ಟು ಕಳೆದುಹೋದವು, ಕಳೆದುಹೋದವು ಬಿದ್ದದ್ದು ನೆಲದ ಫಿರಂಗಿಗಳಿಂದಲೋ ಶತ್ರುವಿಮಾನಗಳಿಂದಲೋ? ಫಿರಂಗಿಯ ಗುಂಡನ್ನು ಯಾವ ಬೆಂಗಾವಲೂ ತಡೆಯಲಾರದು. ಆದ್ದರಿಂದ ಲೆಕ್ಕಕ್ಕೆ ಬರುವುದು ಎರಡನೆಯ ಬಗೆಯದು ಮಾತ್ರ. ಅಂದಂದಿನ ಕಾರ್ಯಾಚರಣೆ ವರದಿಗಳನ್ನೂ ಕಾಣೆಯಾದ ಸಿಬ್ಬಂದಿಯ ಕಡತಗಳನ್ನೂ ಅವರು ಒಂದಕ್ಕೊಂದು ತಾಳೆ ನೋಡಿದರು.

ಸಿಕ್ಕ ಉತ್ತರ ಸೊನ್ನೆಯಲ್ಲ, 27. ಇವುಗಳಲ್ಲಿ 15 ಬಾಂಬರುಗಳು 1944ರ ಜುಲೈ 18ರ ಒಂದೇ ದಿನ, ಮೆಮ್ಮಿಂಗನ್ ದಾಳಿಯಲ್ಲಿ ಬಿದ್ದವು. ಪತ್ರಿಕೆಯ ಸಂಚಿಕೆಯ ತಾರೀಖಾದ 1945ರ ಮಾರ್ಚ್ 24ರಂದೇ ಬರ್ಲಿನ್ ದಾಳಿಯಲ್ಲಿ ಮೂರು ಬಾಂಬರುಗಳು ನಷ್ಟವಾದವು. ಸುಮಾರು 1,600 ಮೈಲಿಯ ಆ ಪಯಣದಲ್ಲಿ ಈ ಪೈಲಟ್‌ಗಳು ಮೂರು ಜರ್ಮನ್ ಜೆಟ್ ವಿಮಾನಗಳನ್ನು ಹೊಡೆದುರುಳಿಸಿದ್ದರು ಎಂಬುದೂ ಅಷ್ಟೇ ಸತ್ಯ.

2006–07ರ ವೇಳೆಗೆ ಹೊರಬೀಳತೊಡಗಿದ ಈ ಸಂಶೋಧನೆ ಕೆಲವು ಹಿರಿಯ ಪೈಲಟ್‌ಗಳಿಗೆ ಹಿಡಿಸಲಿಲ್ಲ. ಅವರ ಅಸಮಾಧಾನ ಅರ್ಥವಾಗುವಂಥದು. ಆದರೆ ಅದೇ ಸಂಶೋಧನೆಯ ಇನ್ನೊಂದು ಅಂಕಿಯನ್ನೂ ನೋಡಬೇಕು. ಗ್ರೂಪ್ ನಡೆಸಿದ 179 ಬೆಂಗಾವಲು ಕಾರ್ಯಾಚರಣೆಗಳಲ್ಲಿ ಬಾಂಬರುಗಳು ಹೀಗೆ ಬಿದ್ದದ್ದು ಏಳರಲ್ಲಿ ಮಾತ್ರ. ಅದೇ ವಾಯುಸೇನೆಯಲ್ಲಿ ಅದೇ ಮಸ್ಟಾಂಗ್ ವಿಮಾನ ಹಾರಿಸುತ್ತಿದ್ದ ಇತರ ಗ್ರೂಪುಗಳು ಕಳೆದುಕೊಂಡ ಬಾಂಬರುಗಳು ಸರಾಸರಿ 46.

ದಂತಕಥೆಗಿಂತ ದಾಖಲೆಯೇ ಇಲ್ಲಿ ಹೆಚ್ಚು ಹೇಳುತ್ತದೆ. ‘ಒಂದೂ ಇಲ್ಲ’ ಎಂಬುದನ್ನು ಇನ್ನಾರೊಡನೆಯೂ ಹೋಲಿಸುವಂತಿಲ್ಲ. 27ನ್ನು 46ರೊಡನೆ ಹೋಲಿಸಬಹುದು. ಬಿಳಿಯರ ಯಾವ ಗ್ರೂಪನ್ನೂ ಸೊನ್ನೆಯ ಅಳತೆಯಿಂದ ಯಾರೂ ಅಳೆಯಲಿಲ್ಲ. ಪೈಲಟ್‌ಗಳೆಂದ ಮೇಲೆ ಅವರಿಗೆ ಗೆಲುವೂ ಉಂಟು, ನಷ್ಟವೂ ಉಂಟು ಎಂದು ಒಪ್ಪಿಕೊಂಡರು. ಒಂದು ತಪ್ಪೂ ಮಾಡದಿದ್ದರೆ ಮಾತ್ರ ನೀವು ನಮ್ಮ ಸಮಾನರು ಎಂಬ ಷರತ್ತು ಸಮಾನತೆಯಲ್ಲ. 1948ರ ಜುಲೈ 26ರಂದು ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿ ಸಮಾನ ಅವಕಾಶಕ್ಕೆ ಆಜ್ಞೆ ಹೊರಡಿಸಿದಾಗ, ಆ ಆಜ್ಞೆಗೆ ದಾರಿ ಮಾಡಿಕೊಟ್ಟವರ ಸಾಲಿನಲ್ಲಿ ರಾಮಿಟೆಲ್ಲಿಯ ಪೈಲಟ್‌ಗಳೂ ಇದ್ದರು. ಅವರ ಸಾಧನೆಗೆ ಅಲಂಕಾರ ಬೇಕಿಲ್ಲ, ಸರಿಯಾದ ಲೆಕ್ಕ ಸಾಕು.