ಮದ್ದಿನ ಕೋಠಿಯ ನೆರೆಹೊರೆ

ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ಕನ್ನಡಿಗರಾದ ನಮಗೆ ಖಡಕಿ, ದೇಹೂರೋಡ್ ಎಂಬ ಹೆಸರುಗಳು ಹೊಸವಲ್ಲ. ಆದರೆ ಅಲ್ಲಿಯ ತಂತಿಬೇಲಿಯ ಆಚೆಗಿರುವ ಮದ್ದುಗುಂಡಿನ ಉಗ್ರಾಣಗಳಿಗೆ ಬೇಲಿಯ ಈಚಿನ ನಮ್ಮ ಸಂಸಾರಗಳ ಮೇಲೂ ಎಷ್ಟು ಹಿಡಿತವಿದೆಯೆಂಬುದನ್ನು ನಾವು ಆಲೋಚಿಸಿದ್ದು ಕಡಿಮೆ.

1817ನೆಯ ನವೆಂಬರ 5ರಂದು ಖಡಕಿಯ ಬಯಲಿನಲ್ಲಿ ಪೇಶವೆಯ ದಂಡು ಸೋತಿತು. ಗೆದ್ದ ಇಂಗ್ಲಿಷರು ಅಲ್ಲಿಯೇ ಠಾಣ್ಯ ಊರಿದರು. 1869ರಲ್ಲಿ ಮದ್ದುಗುಂಡಿನ ಕಾರಖಾನೆಯೂ, ಮಹಾಯುದ್ಧದ ಕಾಲಕ್ಕೆ 1940ರಲ್ಲಿ ಸ್ಫೋಟಕಗಳ ಕಾರಖಾನೆಯೂ ಎದ್ದವು. 2021ರಿಂದ ಇವು ಮ್ಯೂನಿಷನ್ಸ್ ಇಂಡಿಯಾ ಎಂಬ ಸರಕಾರಿ ಕಂಪನಿಯವು. ಉಗ್ರಾಣಗಳು ಮಾತ್ರ ದಂಡಿನ ಕೈಯಲ್ಲಿಯೇ ಉಳಿದಿವೆ.

ಮದ್ದು ಮಾಡುವುದಕ್ಕಿಂತ ಅದನ್ನು ಕಾಯುವುದು ಕಷ್ಟ. ಶ್ರೀರಂಗಪಟ್ಟಣದ, ಚಿತ್ರದುರ್ಗದ ಮದ್ದಿನ ಮನೆಗಳನ್ನು ಕಂಡವರಿಗೆ ಇದು ತಿಳಿದ ಮಾತೇ. ಉಗ್ರಾಣದಲ್ಲಿ ಕಿಡಿ ಹಚ್ಚುವ ಸಾಮಾನು ಒಂದು ಕಡೆ, ಸಿಡಿಯುವ ಸಾಮಾನು ಇನ್ನೊಂದು ಕಡೆ. ಒಂದೊಂದು ಕೋಠಿಗೂ ಮಣ್ಣಿನ ದಿಬ್ಬದ ಮರೆ, ಸಿಡಿಲು ತಡೆಯುವ ಕಂಬ. ಬೆಂಕಿಪೆಟ್ಟಿಗೆಯನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಹೋಗಬೇಕು. 1944ನೆಯ ಏಪ್ರಿಲ್ 14ರಂದು ಮುಂಬಯಿ ಬಂದರದಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಹತ್ತಿಯನ್ನೂ ಸುಮಾರು 1400 ಟನ್ನು ಸ್ಫೋಟಕವನ್ನೂ ಒಟ್ಟಿಗೆ ಹೊತ್ತು ನಿಂತಿತ್ತು. ಬೆಂಕಿ ಹತ್ತಿತು, ನೂರಾರು ಜನ ಸತ್ತರು. 2016ರ ಮೇ 31ರಂದು ವರ್ಧಾ ಜಿಲ್ಲೆಯ ಪುಲಗಾಂವ್ ಉಗ್ರಾಣದಲ್ಲಿ ಬೆಂಕಿಗೆ ಬಲಿಯಾದವರಲ್ಲಿ ಅದನ್ನು ಆರಿಸಲು ಹೋದವರೇ ಹೆಚ್ಚು. ಎಷ್ಟೇ ಜಾಗರೂಕತೆಯಿದ್ದರೂ ಕೊನೆಗೆ ಕಾಯುವುದು ಬರಿಯ ದೂರ.

ಆ ದೂರಕ್ಕೆ 1903ರ ಕಾಯಿದೆಯೊಂದಿದೆ. ರಕ್ಷಣೆಯ ಕಟ್ಟಡಗಳ ಸುತ್ತ 2000 ಗಜದವರೆಗೆ, ಅಂದರೆ ಹೆಚ್ಚುಕಡಿಮೆ 1.8 ಕಿಲೋಮೀಟರು, ಮನೆ ಕಟ್ಟುವುದನ್ನು ಅದು ತಡೆಯಬಲ್ಲದು. ನಷ್ಟಕ್ಕೆ ಪರಿಹಾರ ಕೊಡಬೇಕೆಂದೂ ಹೇಳುತ್ತದೆ. ದೇಹೂರೋಡಿನ ಉಗ್ರಾಣದ ಸುತ್ತ ನಿಗಡಿ, ತಳವಡೆ, ಚಿಖಲಿಗಳ ಕಡೆಗೆ ಚಾಚಿದ ಈ ವಲಯಕ್ಕೆ ಜನ ರೆಡ್ ಝೋನ್ ಎನ್ನುತ್ತಾರೆ. ಊರು ಬೆಳೆದಂತೆ ಅಲ್ಲಿಯ ಅಗ್ಗದ ಜಾಗಕ್ಕೆ ಮುಗಿಬಿದ್ದವರು ನಮ್ಮಂಥ ವಲಸೆಯವರೇ. ಅರ್ಧ ಗುಂಟೆ, ಒಂದು ಗುಂಟೆ ಕೊಂಡು, ಮಕ್ಕಳಿಗೊಂದು ನೆಲೆಯಾಯಿತೆಂದು ಹಿಗ್ಗಿದವರು ಕಟ್ಟುವ ಪರವಾನಿಗೆಯಿಲ್ಲದೆ, ಬ್ಯಾಂಕಿನ ಸಾಲವಿಲ್ಲದೆ ಕೈಕಟ್ಟಿ ಕೂರಬೇಕಾಯಿತು. ಮಾರಿದವನು ಈ ಮಾತನ್ನು ಎತ್ತಿರಲಿಲ್ಲ, ಎತ್ತುವನೇ?

ಬೇಲಿಯೊಳಗೆ ಕಾಯುವ ಸಿಪಾಯಿಯ ಮೇಲೆ ನಮಗೆ ಮುನಿಸಿಲ್ಲ. ದೂರವಿರುವುದು ನಮ್ಮ ಜೀವಕ್ಕಾಗಿಯೇ. ಆದರೆ ಆ ದೂರದ ಬೆಲೆಯನ್ನು ಬಡವರ ಉಳಿತಾಯ ತೆರಬೇಕೆಂಬುದು ನ್ಯಾಯವಲ್ಲ. ಜಾಗ ಹುಡುಕುತ್ತಿರುವ ಬಂಧುಗಳು ಸಾತ್‌ಬಾರಾ ಉತಾರೆಯಲ್ಲಿ ಮಾಲಕನ ಹೆಸರು ನೋಡಿ ಮುಂಗಡ ಕೊಡಬಾರದು. ಮೊದಲು ಮಹಾನಗರಪಾಲಿಕೆಯಲ್ಲಿ ವಲಯದ ನಕಾಶೆಯನ್ನು ಕೇಳಿ ನೋಡಬೇಕು.