ಸತ್ಯ ಪರಿಶೀಲನೆ: ಹೈಡ್ರಾಲಿಕ್ ಸಿಲಿಂಡರ್ ಬಿರುಕು ಬಿಟ್ಟರೆ ಹೊರಗೆ ದಪ್ಪ ಪ್ಲೇಟ್ ವೆಲ್ಡ್ ಮಾಡಿಸಿದರೆ ಸಾಕೇ?

ತ್ವರಿತ ಸಾರಾಂಶ

ಟಿಪ್ಪರ್, ಜೆಸಿಬಿ, ಟ್ರ್ಯಾಕ್ಟರ್ ಟ್ರೈಲರ್‌ನ ಹೈಡ್ರಾಲಿಕ್ ಸಿಲಿಂಡರ್ ಬಿರುಕು ಬಿಟ್ಟರೆ ಹೊರಗಿನಿಂದ ದಪ್ಪ ಪ್ಲೇಟ್ ವೆಲ್ಡ್ ಮಾಡಿಸಿ, ಮೊದಲಿಗಿಂತ ಗಟ್ಟಿಯಾಗುತ್ತದೆ ಎಂಬ ಮಾತಿದೆ. ನಾವು ಪರಿಶೀಲಿಸಿದಾಗ ಇದು ತಪ್ಪು ಎಂದು ಕಂಡುಬಂದಿದೆ.

ಸಿಲಿಂಡರ್ ಉದ್ದಕ್ಕೇ ಸೀಳುವುದೇಕೆ?

ಒಳಗಿನ ಎಣ್ಣೆ ಗೋಡೆಯನ್ನು ಎರಡು ರೀತಿ ಎಳೆಯುತ್ತದೆ: ಉದ್ದಕ್ಕೆ ಮತ್ತು ಸುತ್ತಲೂ. ಎರಡೂ ತುದಿ ಮುಚ್ಚಿದ ತೆಳು ಗೋಡೆಯ ಕೊಳವೆಯಲ್ಲಿ ಸುತ್ತಳತೆಯ ಎಳೆತ ಉದ್ದದ ಎಳೆತಕ್ಕಿಂತ ದುಪ್ಪಟ್ಟು. ಒತ್ತಡ ಹೆಚ್ಚಾದಾಗ ಪಿವಿಸಿ ಪೈಪ್ ಸಾಮಾನ್ಯವಾಗಿ ಉದ್ದಕ್ಕೆ ಸೀಳುವುದೂ ಇದೇ ಕಾರಣಕ್ಕೆ.

ದಪ್ಪ ಹೆಚ್ಚಿಸಿದರೆ ಬಲ ಹೆಚ್ಚುವುದಿಲ್ಲವೇ?

ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ. 19ನೇ ಶತಮಾನದ ಫ್ರೆಂಚ್ ಗಣಿತಜ್ಞ ಗೇಬ್ರಿಯಲ್ ಲಾಮೆಯ ಸೂತ್ರದಿಂದ ನಾವು ಲೆಕ್ಕ ಹಾಕಿದೆವು. ಒಳವ್ಯಾಸ 100 ಮಿ.ಮೀ., ಎಣ್ಣೆಯ ಒತ್ತಡ 200 ಬಾರ್ ಇದ್ದಾಗ ಗೋಡೆಯ ಒಳಮೈ ಮೇಲಿನ ಎಳೆತ ಹೀಗಿರುತ್ತದೆ:

- ಗೋಡೆ 10 ಮಿ.ಮೀ.: ಸುಮಾರು 1,110 ಬಾರ್
- 20 ಮಿ.ಮೀ.: ಸುಮಾರು 620 ಬಾರ್
- 40 ಮಿ.ಮೀ.: ಸುಮಾರು 380 ಬಾರ್
- 80 ಮಿ.ಮೀ.: ಸುಮಾರು 270 ಬಾರ್

ಪ್ರತಿ ಸಲ ದಪ್ಪ ದುಪ್ಪಟ್ಟಾದರೂ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ಗೋಡೆ ಎಷ್ಟೇ ದಪ್ಪವಿರಲಿ, ಒಳಮೈಯ ಎಳೆತ 200 ಬಾರ್‌ಗಿಂತ ಕೆಳಗಿಳಿಯುವುದಿಲ್ಲ.

ಹಾಗಾದರೆ ವೆಲ್ಡಿಂಗ್ ಏಕೆ ಅಪಾಯ?

ಹೆಚ್ಚು ಎಳೆತ ಬೀಳುವುದು ಒಳಮೈಗೆ, ಪ್ಲೇಟ್ ಕೂರುವುದು ಹೊರಮೈಗೆ. ಬಿರುಕು ಒಳಗೆ ಹಾಗೇ ಉಳಿದಿರುತ್ತದೆ. ಪ್ರತಿ ಸಲ ಲೋಡ್ ಎತ್ತಿ ಇಳಿಸುವಾಗಲೂ ಅದು ಇಷ್ಟಿಷ್ಟೇ ಬೆಳೆಯಬಹುದು. ಜೊತೆಗೆ ವೆಲ್ಡಿಂಗ್ ಶಾಖಕ್ಕೆ ಸುತ್ತಲಿನ ಉಕ್ಕಿನ ಗುಣವೇ ಬದಲಾಗಿ, ಒಳಗಿನ ಕೊಳವೆ ಸೊಟ್ಟಗಾಗಬಹುದು.

ಇತಿಹಾಸದ ಪಾಠ

1849ರಲ್ಲಿ ವೇಲ್ಸ್‌ನ ಬ್ರಿಟಾನಿಯಾ ಸೇತುವೆಯ ದೈತ್ಯ ಕಬ್ಬಿಣದ ಕೊಳವೆಯನ್ನು ಮೇಲೆತ್ತುತ್ತಿದ್ದಾಗ ಹೈಡ್ರಾಲಿಕ್ ಪ್ರೆಸ್‌ನ ಎರಕದ ಕಬ್ಬಿಣದ ಸಿಲಿಂಡರ್ ಒಡೆಯಿತು. ಎತ್ತಿದಷ್ಟಕ್ಕೂ ಕೆಳಗೆ ಆಧಾರ ಕೊಡುತ್ತಾ ಬಂದಿದ್ದರಿಂದ ಕೊಳವೆ ಕೆಲವೇ ಇಂಚು ಕುಸಿದು ನಿಂತಿತು.

ನೀವು ಮಾಡಬೇಕಾದದ್ದು

- ಬಿರುಕು ಕಂಡರೆ ಗಾಡಿ ನಿಲ್ಲಿಸಿ, ಸಿಲಿಂಡರ್ ಬದಲಾಯಿಸಿ.
- ಎತ್ತಿದ ಟ್ರೈಲರ್ ಕೆಳಗೆ ಗಟ್ಟಿ ಆಧಾರ ಕೊಡದೆ ಹೋಗಬೇಡಿ.
- ಹೆಚ್ಚು ಭಾರ ಎತ್ತಲು ರಿಲೀಫ್ ವಾಲ್ವ್ ಬಿಗಿ ಮಾಡಬೇಡಿ.
- ಸೋರಿಕೆ ಎಲ್ಲಿದೆ ಎಂದು ಕೈಯಿಂದ ತಡಕಬೇಡಿ. ಸಣ್ಣ ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ನುಗ್ಗಬಹುದು. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ತೀರ್ಮಾನ

ಹೊರಗೆ ಪ್ಲೇಟ್ ಹಾಕಿದರೆ ಸಿಲಿಂಡರ್ ಸುರಕ್ಷಿತ ಎಂಬುದು ತಪ್ಪು. ಇಂಥ ಸಲಹೆ ನಿಮ್ಮ ಗ್ರೂಪ್‌ಗೆ ಬಂದರೆ ಫಾರ್ವರ್ಡ್ ಮಾಡಬೇಡಿ.